ಕೆಲಸ ಸಿಗುತ್ತೆ, ಬೋರ್ಡು ಸಿಗಲ್ಲ: ಅನಸ್ತೇಷಿಯಾ ತಗೊಳ್ಳಲಾ ಅಂತ ಕೇಳಿದ ಯುವ ವೈದ್ಯೆಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಎಂಬಿಬಿಎಸ್, ಇಂಟರ್ನ್‌ಶಿಪ್ ಎರಡೂ ಮುಗಿದಿವೆ. ನೀಟ್ ಪಿಜಿಯಲ್ಲಿ ಬಂದ ರ‍್ಯಾಂಕಿಗೆ ರೇಡಿಯಾಲಜಿ, ಡರ್ಮಟಾಲಜಿ ಸಿಗಲ್ಲ. ಸರ್ಕಾರಿ ಕಾಲೇಜಿನಲ್ಲಿ ಅನಸ್ತೇಷಿಯಾ, ಅಂದರೆ ಆಪರೇಷನ್‌ಗೆ ಮತ್ತು ಬರಿಸೋ ವಿಭಾಗ, ಸಿಗಬಹುದು. ಅಪ್ಪನಿಗೆ ಇಷ್ಟವಿಲ್ಲ. "ಅದು ಸರ್ಜನ್ ಕರೆದಾಗ ಓಡೋ ಕೆಲಸ, ಜನಕ್ಕೆ ನಿನ್ನ ಹೆಸರೂ ಗೊತ್ತಾಗಲ್ಲ" ಅಂತಾರೆ. ಮುಂದೆ ಕೆಲಸ ಸಿಗುತ್ತಾ? ಫ್ರೀಲಾನ್ಸ್ ಮಾಡಲಾ, ಕಾರ್ಪೊರೇಟ್ ಆಸ್ಪತ್ರೆ ಸೇರಲಾ? ರಾತ್ರಿ ಕೆಲಸ, ಸಂಸಾರ ಎರಡೂ ತೂಗುತ್ತಾ? ಹೊರದೇಶಕ್ಕೆ ಹೋಗಬಹುದಾ? ಮುಂದೆ ಮೆಷಿನ್‌ಗಳೇ ಈ ಕೆಲಸ ಮಾಡುತ್ತವೆ ಅಂತಾರಲ್ಲ, ನಿಜವಾ?

ಉತ್ತರ: ನಿಮ್ಮ ತಂದೆ ಹೇಳಿದ ಎರಡು ಮಾತಿನಲ್ಲಿ ಎರಡನೆಯದು ಪೂರ್ತಿ ನಿಜ. ಜನಕ್ಕೆ ಹೆಸರು ಗೊತ್ತಾಗಲ್ಲ.

ನಾನು ಈ ಕೆಲಸಕ್ಕೆ ಬಂದು 26 ವರ್ಷ ಆಯಿತು. ಮೊದಲ ಹತ್ತು ವರ್ಷ ಒಂದು ಜಿಲ್ಲಾ ಕೇಂದ್ರದಲ್ಲಿ ನರ್ಸಿಂಗ್ ಹೋಮಿನಿಂದ ನರ್ಸಿಂಗ್ ಹೋಮಿಗೆ ಓಡಾಡಿದೆ. ಈಗ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆ ಊರಿನ ಸಂತೆಯಲ್ಲಿ ಒಮ್ಮೆ ಸೊಪ್ಪು ಮಾರುವ ಹೆಣ್ಣುಮಗಳೊಬ್ಬರನ್ನು ನೋಡಿದ ತಕ್ಷಣ ಗುರುತು ಹಿಡಿದೆ. ಅವರ ಎರಡೂ ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕಿದವನು ನಾನು. ಎರಡನೇ ಸಲ ಬಿಪಿ ಬಿದ್ದು ವಾಂತಿ ಬಂದಾಗ ತಲೆ ಪಕ್ಕಕ್ಕೆ ತಿರುಗಿಸಿ ಟ್ರೇ ಹಿಡಿದವನೂ ನಾನೇ. ಬುಟ್ಟಿ ಪಕ್ಕ ಹುಡುಗ ಕೂತಿದ್ದ. "ಇವನು ಎಲ್ಲಿ ಹುಟ್ಟಿದ್ದಮ್ಮಾ?" ಅಂತ ಸುಮ್ನೆ ಕೇಳಿದೆ. ಆಸ್ಪತ್ರೆ ಹೆಸರು ಹೇಳಿದರು. ಹೆರಿಗೆ ಮಾಡಿಸಿದ ಮೇಡಂ ಹೆಸರು ಹೇಳಿ ಕೈ ಮುಗಿದರು. ನನಗೆ ಎರಡು ಕಟ್ಟು ಮೆಂತ್ಯ ಕೊಟ್ಟು ಇಪ್ಪತ್ತು ರೂಪಾಯಿ ತಗೊಂಡರು. ಅವರ ತಪ್ಪಿಲ್ಲ. ಅವರು ನೋಡಿದ್ದು ಒಂದು ಮಾಸ್ಕು, ಒಂದು ಟೋಪಿ, ನಡುವೆ ಎರಡು ಕಣ್ಣು.

ಇದು ನಿಮಗೆ ನೋಯುತ್ತಾ ಅಂತ ಈಗಲೇ ಯೋಚಿಸಿ. ಕೆಲಸ ಸಿಗುತ್ತಾ ಅನ್ನೋದು ನಿಜಕ್ಕೂ ಸಣ್ಣ ಪ್ರಶ್ನೆ. ಅದನ್ನು ಮೊದಲು ಮುಗಿಸಿಬಿಡೋಣ.

ಕೆಲಸ ಸಿಗುತ್ತೆ. ಲೆಕ್ಕ ಸರಳ. ಸರ್ಜನ್ ಒಪಿಡಿಯಲ್ಲಿ ದಿನಕ್ಕೆ ನೂರು ಜನರನ್ನು ನೋಡಬಹುದು. ನಾವು ಒಂದು ಹೊತ್ತಿಗೆ ಒಬ್ಬರನ್ನೇ ನೋಡೋದು. ಟೇಬಲ್ ಮೇಲೆ ರೋಗಿ ಮಲಗಿದರೆ, ಇಳಿಯೋ ತನಕ ತಲೆ ಹತ್ತಿರ ಒಬ್ಬ ಅನಸ್ತೇಟಿಸ್ಟ್ ನಿಂತಿರಬೇಕು. ಅಮೆರಿಕದಲ್ಲಿ ನರ್ಸ್ ಅನಸ್ತೇಟಿಸ್ಟ್ ಅಂತ ದೊಡ್ಡ ಪಡೆಯೇ ಇದೆ. ನಮ್ಮಲ್ಲಿ ಆ ವರ್ಗವಿಲ್ಲ. ಆಪರೇಷನ್ ಥಿಯೇಟರಿನಲ್ಲಿ, ಅಂದರೆ ಓಟಿಯಲ್ಲಿ, ಟೆಕ್ನಿಷಿಯನ್ ಸಹಾಯಕ್ಕೆ ಇರುತ್ತಾರೆ, ಔಷಧ ಕೊಡುವ ಜವಾಬ್ದಾರಿ ಡಾಕ್ಟರದ್ದು.

ಜಾಗತಿಕ ಅನಸ್ತೇಷಿಯಾ ಒಕ್ಕೂಟ ಲಕ್ಷ ಜನಕ್ಕೆ ಕನಿಷ್ಠ 5 ಮಂದಿ ಅನಸ್ತೇಟಿಸ್ಟ್ ಇರಬೇಕು ಅನ್ನುತ್ತೆ. 2011ರ ಜನಗಣತಿಯಲ್ಲಿ ನಿಮ್ಮ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ಆ ಲೆಕ್ಕಕ್ಕೆ 80 ಜನ ಬೇಕು. ರಾಣೆಬೆನ್ನೂರು, ಹಾನಗಲ್, ಶಿಗ್ಗಾಂವಿ ಎಲ್ಲ ಸೇರಿಸಿ ನಿಮಗೆ ಗೊತ್ತಿರುವ ಅನಸ್ತೇಟಿಸ್ಟ್‌ಗಳನ್ನು ಬೆರಳು ಮಡಚಿ ಎಣಿಸಿ ನೋಡಿ.

ಬೇಡಿಕೆ ಕಡಿಮೆ ಆಗೋ ಸೂಚನೆಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ. 21.5 ಹೆರಿಗೆ ಸಿಸೇರಿಯನ್ ಮೂಲಕ ಆಗಿವೆ. ಕರ್ನಾಟಕದಲ್ಲಿ ಇನ್ನೂ ಜಾಸ್ತಿ, ಹತ್ತಿರ ಹತ್ತಿರ ಮೂರರಲ್ಲಿ ಒಂದು. ಅಷ್ಟು ಸಿಸೇರಿಯನ್ ಬೇಕಾ ಅನ್ನೋದು ಬೇರೆ ಜಗಳ, ಅದನ್ನು ಗೈನಕಾಲಜಿಸ್ಟ್‌ಗಳ ಹತ್ತಿರ ಆಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಗೈನಕಾಲಜಿಸ್ಟ್, ಮಕ್ಕಳ ಡಾಕ್ಟರು, ಅನಸ್ತೇಟಿಸ್ಟ್ ಮೂವರೂ ಇರಬೇಕು. ಒಲೆಗೆ ಮೂರು ಗುಂಡು ಇದ್ದ ಹಾಗೆ. ಒಂದು ಇಲ್ಲದಿದ್ದರೂ ಪಾತ್ರೆ ನಿಲ್ಲಲ್ಲ. ಎಷ್ಟೋ ಕಡೆ ಇಲ್ಲದೇ ಇದ್ದ ಮೂರನೇ ಗುಂಡು ನಾವೇ. ಅದಕ್ಕೇ ಸರ್ಕಾರ ಎಂಬಿಬಿಎಸ್ ಡಾಕ್ಟರುಗಳಿಗೆ 18 ವಾರ ತರಬೇತಿ ಕೊಟ್ಟು ತುರ್ತು ಹೆರಿಗೆಗೆ ಅನಸ್ತೇಷಿಯಾ ಕೊಡಿಸುವ ಯೋಜನೆ ಮಾಡಬೇಕಾಯಿತು.

ಓಟಿಯ ಹೊರಗೂ ಕೆಲಸ ಬೆಳೆದಿದೆ. ಎಂಆರ್‌ಐ ಕೊಳವೆಯೊಳಗೆ ಎರಡು ವರ್ಷದ ಮಗು ಅಲುಗಾಡದೆ ಮಲಗಬೇಕು, ನಮ್ಮನ್ನು ಕರೆಯುತ್ತಾರೆ. ಎಂಡೋಸ್ಕೋಪಿ, ಹೃದಯದವರ ಕ್ಯಾತ್ ಲ್ಯಾಬ್, ಐವಿಎಫ್ ಸೆಂಟರಿನಲ್ಲಿ ಅಂಡಾಣು ತೆಗೆಯೋದು, ಮನೋವೈದ್ಯರ ಶಾಕ್ ಚಿಕಿತ್ಸೆ (ಇಸಿಟಿ), ನೋವಿಲ್ಲದ ಹೆರಿಗೆ, ಸುಟ್ಟಗಾಯದ ಡ್ರೆಸ್ಸಿಂಗ್, ಎಲ್ಲಕ್ಕೂ ನಾವು ಬೇಕು. ನಾನು ಎಂಡಿ ಮಾಡುವಾಗ ಇದರಲ್ಲಿ ಅರ್ಧ ಇರಲಿಲ್ಲ.

ಇನ್ನು ಬೋರ್ಡಿನ ವಿಷಯ.

ನಿಮ್ಮ ಬ್ಯಾಚಿನ ಡರ್ಮಟಾಲಜಿ ಗೆಳತಿ ಪಿ.ಬಿ. ರಸ್ತೆಯಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು ಬೋರ್ಡು ಹಾಕುತ್ತಾಳೆ. ಆರು ತಿಂಗಳು ನೊಣ ಹೊಡೆದರೂ ಆಮೇಲೆ ಜನ ಬರುತ್ತಾರೆ. ಬಂದವರು ಅವಳ ರೋಗಿಗಳು. ನೀವು ಬೋರ್ಡು ಹಾಕಿದರೆ ಯಾರು ಬರುತ್ತಾರೆ? "ಡಾಕ್ಟ್ರೇ, ಸ್ವಲ್ಪ ಮತ್ತು ಬರೋ ಇಂಜೆಕ್ಷನ್ ಕೊಡಿ" ಅಂತ ಯಾರೂ ಬಾಗಿಲು ತಟ್ಟಲ್ಲ. ನಮ್ಮ ಕೆಲಸ ಸರ್ಜನ್ ಫೋನಿನಿಂದ ಬರುತ್ತೆ. ಇದು ಬರೀ ಹೆಸರಿನ, ಮರ್ಯಾದೆಯ ವಿಷಯ ಅಂತ ಜನ ತಿಳಿಯುತ್ತಾರೆ. ಅಲ್ಲ. ದುಡ್ಡಿನ ವಿಷಯ, ಧೈರ್ಯದ ವಿಷಯ. ರೋಗಿ ಯಾರ ಕೈಲಿದ್ದಾರೋ ರೇಟು ಅವರು ಹೇಳುತ್ತಾರೆ. ಅನಸ್ತೇಷಿಯಾ ಫೀಸನ್ನು ಸರ್ಜನ್ ಫೀಸಿನ ಒಂದು ಪಾಲು ಅಂತ ಲೆಕ್ಕ ಹಾಕುವ ಹಳೇ ಪದ್ಧತಿ ಇನ್ನೂ ಎಷ್ಟೋ ಊರಲ್ಲಿದೆ. ಆಯುಷ್ಮಾನ್ ಪ್ಯಾಕೇಜ್ ಇರಲಿ, ಇನ್ಶೂರೆನ್ಸ್ ಪ್ಯಾಕೇಜ್ ಇರಲಿ, ದುಡ್ಡು ಬಂದು ಬೀಳೋದು ಆಸ್ಪತ್ರೆ ಖಾತೆಗೆ. ಅಲ್ಲಿಂದ ನಿಮ್ಮ ಪಾಲು ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನೋದು ಅವರ ಮನಸ್ಸು.

ಧೈರ್ಯದ ವಿಷಯ ಯಾಕೆ ಅಂದರೆ, 'ಬೇಡ' ಅನ್ನೋದು ನಮ್ಮ ಕೆಲಸದ ಮುಖ್ಯ ಭಾಗ. ಫ್ರೀಲಾನ್ಸ್ ಶುರು ಮಾಡಿದ ಎರಡನೇ ವರ್ಷ. ಹರ್ನಿಯಾ ಕೇಸು, ಬೆಳಿಗ್ಗೆ ಹತ್ತಕ್ಕೆ. ಎಪ್ಪತ್ತರ ಅಜ್ಜ ಗೌನು ಹಾಕಿಕೊಂಡು ಕೂತಿದ್ದರು. "ಏನಾದ್ರೂ ತಿಂದ್ರಾ ಅಜ್ಜಾ?" ಅಂದೆ. "ಏನೂ ಇಲ್ರೀ, ಬರೀ ಎರಡು ಇಡ್ಲಿ" ಅಂದರು. ಎಂಟು ಗಂಟೆಗೆ ತಿಂದಿದ್ದರು. ಇಡ್ಲಿಯಂಥ ತಿಂಡಿ ಆದರೂ ಆರು ಗಂಟೆ ಬಿಡಬೇಕು, ಬರೀ ನೀರಾದರೆ ಎರಡು ಗಂಟೆ. ಎಮರ್ಜೆನ್ಸಿ ಅಲ್ಲದ ಕೇಸು. ಎರಡು ಗಂಟೆಗೆ ಮಾಡೋಣ ಅಂದೆ. ಸರ್ಜನ್‌ಗೆ ಮಧ್ಯಾಹ್ನ ಇನ್ನೊಂದು ಊರಲ್ಲಿ ಒಪಿಡಿ ಇತ್ತು. ನನ್ನ ಮುಖ ನೋಡಲಿಲ್ಲ, ಗ್ಲೌಸ್ ತೆಗೆದು ಬಕೆಟ್ಟಿಗೆ ಹಾಕಿ ಹೋದರು. ಆಮೇಲೆ ಎರಡು ತಿಂಗಳು ಆ ಆಸ್ಪತ್ರೆಯಿಂದ ಫೋನ್ ಬರಲಿಲ್ಲ. "ಆ ಡಾಕ್ಟ್ರು ಜಾಸ್ತಿ ಕಿರಿಕ್" ಅನ್ನೋ ಹೆಸರು ಮಾತ್ರ ಊರೆಲ್ಲ ಓಡಾಡಿತು. ಕೊನೆಗೆ ಫೋನ್ ಬಂದದ್ದು ರಾತ್ರಿ ಒಂದೂವರೆಗೆ, ಹೊಟ್ಟೆಯಲ್ಲಿ ಕರುಳು ತೂತಾದ ಕೇಸಿಗೆ. ಕಿರಿಕ್ ಡಾಕ್ಟ್ರೇ ಬೇಕಾದರು.

ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಮನೆ ಸಾಲ, ಕಾರಿನ ಇಎಂಐ ತಲೆ ಮೇಲಿದ್ದರೆ ಆ ಎರಡು ತಿಂಗಳು ಕಷ್ಟ. ಕಷ್ಟ ಆದಾಗ ಮುಂದಿನ ಇಡ್ಲಿ ಅಜ್ಜನಿಗೆ 'ಆಯ್ತು, ಮಲಗಿ' ಅನ್ನೋ ಆಸೆ ಬರುತ್ತೆ. ಅದಕ್ಕೇ ನನ್ನ ಸಲಹೆ: ಎಂಡಿ ಮುಗಿದ ಕೂಡಲೇ ಪೂರ್ತಿ ಫ್ರೀಲಾನ್ಸ್‌ಗೆ ಇಳಿಯಬೇಡಿ. ಎರಡು ಮೂರು ವರ್ಷ ಸಂಬಳದ ಕೆಲಸ ಮಾಡಿ. ಪಕ್ಕದಲ್ಲಿ ಸೀನಿಯರ್ ಇರೋ ಕಡೆ. ಕೈ ಪಳಗಲಿ, ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು ಕೂಡಲಿ. ಆಮೇಲೆ 'ಬೇಡ' ಅನ್ನೋದು ಸುಲಭ.

ಫ್ರೀಲಾನ್ಸ್ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಪಿಜಿಯಲ್ಲಿ ಇದನ್ನು ಯಾರೂ ಕಲಿಸಲ್ಲ. ನನ್ನ ಹಳೇ ಮಾರುತಿಯ ಡಿಕ್ಕಿಯಲ್ಲಿ ಒಂದು ಬ್ಯಾಗು. ಅದರಲ್ಲಿ ಗಂಟಲೊಳಗೆ ನೋಡೋ ಲಾರಿಂಗೋಸ್ಕೋಪ್, ಅದಕ್ಕೆ ಇನ್ನೊಂದು ಜೊತೆ ಬ್ಯಾಟರಿ. ಶ್ವಾಸನಾಳಕ್ಕೆ ಹಾಕೋ ಏಳು, ಏಳೂವರೆ, ಎಂಟರ ಟ್ಯೂಬುಗಳು, ಮಕ್ಕಳ ಅಳತೆಯವು ಬೇರೆ ಪ್ಯಾಕೆಟ್ಟಿನಲ್ಲಿ. ಟ್ಯೂಬಿಗೆ ದಾರಿ ಮಾಡೋ ಬೂಜಿ, ಟ್ಯೂಬು ಹೋಗದಿದ್ದರೆ ಗಂಟಲಲ್ಲಿ ಕೂರಿಸೋ ಎಲ್‌ಎಂಎ, ಕೈಯಲ್ಲಿ ಒತ್ತಿ ಉಸಿರು ಕೊಡೋ ಅಂಬು ಬ್ಯಾಗ್, ಅಟ್ರೋಪಿನ್, ಅಡ್ರಿನಲಿನ್, ಬಿಪಿ ಏರಿಸೋಕೆ ಮೆಫೆಂಟರ್ಮಿನ್. ಪಕ್ಕದಲ್ಲಿ ಮಕ್ಕಳು ಸ್ಕೂಲಿಗೆ ಒಯ್ಯುವಂಥ ಥರ್ಮಾಸು, ಅದರೊಳಗೆ ಐಸ್, ಐಸಿನ ಮೇಲೆ ಸ್ನಾಯು ಸಡಿಲ ಮಾಡೋ ಔಷಧ ಸ್ಕೋಲಿನ್. ಅದು ತಣ್ಣಗಿರಬೇಕು. ಒಂದು ಸಲ ನನ್ನ ಮಗ ಅದರೊಳಗಿನ ಐಸ್ ತೆಗೆದು ಶರಬತ್ತಿಗೆ ಹಾಕಿದ. ಆವತ್ತಿನಿಂದ ಥರ್ಮಾಸು ಕಾರಿನಿಂದ ಮನೆಯೊಳಗೆ ಬರಲಿಲ್ಲ.

ಹೊಸ ಆಸ್ಪತ್ರೆಯಿಂದ ಕರೆ ಬಂದರೆ ಮೊದಲ ಕೇಸಿಗೆ ಮುಂಚೆ ಒಂದು ಸಲ ಸುಮ್ನೆ ಹೋಗಿ ಬನ್ನಿ. ಗಂಟಲಿನ ದ್ರವ ಎಳೆಯೋ ಸಕ್ಷನ್ ಯಂತ್ರ ಹಾಕಿಸಿ, ಟ್ಯೂಬಿನ ತುದಿಗೆ ಹೆಬ್ಬೆರಳು ಇಡಿ. ಹಿಡಿದು ಎಳೆಯಬೇಕು. ಎಳೆಯದಿದ್ದರೆ ಆ ಓಟಿಯಲ್ಲಿ ಯಾರ ಪ್ರಜ್ಞೆಯನ್ನೂ ತಪ್ಪಿಸಬೇಡಿ. ಎರಡನೇ ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ಅದನ್ನು ತೆರೆಯೋ ಕೀ ಯಾರ ಹತ್ತಿರ ಇದೆ, ಕರೆಂಟ್ ಹೋದರೆ ಜನರೇಟರ್‌ಗೆ ಎಷ್ಟು ಹೊತ್ತು, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯೋ ಕ್ಯಾಪ್ನೋಗ್ರಾಫ್ ಇದೆಯಾ, ಹೃದಯಕ್ಕೆ ಶಾಕ್ ಕೊಡೋ ಡಿಫಿಬ್ರಿಲೇಟರ್ ಚಾರ್ಜ್ ಆಗಿದೆಯಾ. ಕೀ ಕೇಳಿದಾಗ "ವಾಚ್‌ಮನ್ ಊಟಕ್ಕೆ ಹೋಗಿದಾನೆ ಸಾರ್" ಅನ್ನೋ ಉತ್ತರ ನನಗೆ ಒಂದಕ್ಕಿಂತ ಜಾಸ್ತಿ ಸಲ ಸಿಕ್ಕಿದೆ.

ದುಡ್ಡಿನ ವಿಷಯದಲ್ಲಿ ಒಂದು ಡೈರಿ ಇಡಿ. ತಾರೀಕು, ಆಸ್ಪತ್ರೆ, ಕೇಸು, ಎಷ್ಟು ಗಂಟೆ, ಎಷ್ಟು ಬರಬೇಕು. ಕೊನೆಯ ಕಾಲಮ್ಮು: ಬಂದ ದಿನ. ನನ್ನ ಡೈರಿಯಲ್ಲಿ ಒಂದು ನರ್ಸಿಂಗ್ ಹೋಮಿನ ಹೆಸರಿನ ಮುಂದೆ ಆ ಕಾಲಮ್ಮು ಏಳು ತಿಂಗಳು ಖಾಲಿ ಇತ್ತು. ಕೇಳೋಕೆ ನಾಚಿಕೆ. ದಿನಾ ಒಟ್ಟಿಗೆ ಟೀ ಕುಡಿಯೋ ಜನ ಅಲ್ವಾ! ಕೊನೆಗೆ ಅರ್ಧ ದುಡ್ಡು ಬಂತು, ಉಳಿದದ್ದು ಹೋಯಿತು. ಈಗಿನ ಹುಡುಗರು ವಾಸಿ, ತಿಂಗಳ ಕೊನೆಗೆ ಬಿಲ್ಲು ಕಳಿಸುತ್ತಾರೆ, ಮುಲಾಜಿಲ್ಲ. ಆಸ್ಪತ್ರೆಗಳು ಫೀಸಿನಲ್ಲಿ ಶೇ. 10 ಟಿಡಿಎಸ್ ಹಿಡಿದು ಕೊಡುತ್ತವೆ. ಆ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಹಿಡಿದ ದುಡ್ಡು ನಿಮ್ಮ ಪ್ಯಾನ್‌ಗೆ ಕಟ್ಟಿದ್ದಾರಾ ಅಂತ ನೋಡಿ.

ಎಷ್ಟು ಸಿಗುತ್ತೆ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತೆ. ರೇಟು ಊರಿಂದ ಊರಿಗೆ, ಕೇಸಿಂದ ಕೇಸಿಗೆ ಬೇರೆ. ಹಗಲಿನ ಸಿಸೇರಿಯನ್, ರಾತ್ರಿಯ ಸಿಸೇರಿಯನ್, ನಾಲ್ಕು ಗಂಟೆಯ ಬೆನ್ನುಮೂಳೆ ಆಪರೇಷನ್, ಮೂರಕ್ಕೂ ಬೇರೆ ಬೇರೆ. ನೀವು ಇರಬೇಕು ಅಂದುಕೊಂಡಿರೋ ಊರಿನ ಮೂವರು ಅನಸ್ತೇಟಿಸ್ಟ್‌ಗಳನ್ನು ಕೇಳಿ. 'ಕೇಸಿಗೆ ಎಷ್ಟು' ಅಂತ ಮಾತ್ರ ಕೇಳಬೇಡಿ. 'ಎಷ್ಟು ದಿನಕ್ಕೆ ಕೈಗೆ ಬರುತ್ತೆ' ಅಂತಲೂ ಕೇಳಿ. ಮೊದಲನೇ ಉತ್ತರ ಕೇಳಿ ಹಿಗ್ಗಿದವರು ಎರಡನೇ ಉತ್ತರಕ್ಕೆ ಸುಮ್ಮನಾಗುತ್ತಾರೆ.

ಒಳ್ಳೆ ಸುದ್ದಿಯೂ ಇದೆ. ಈಗ ಎಷ್ಟೋ ಜಿಲ್ಲಾ ಊರುಗಳಲ್ಲಿ ನಾಲ್ಕೈದು ಅನಸ್ತೇಟಿಸ್ಟ್‌ಗಳು ಸೇರಿ ಗುಂಪು ಮಾಡಿಕೊಳ್ಳುತ್ತಾರೆ. ಒಂದೇ ಫೋನ್ ನಂಬರ್, ಒಳಗೊಳಗೆ ಡ್ಯೂಟಿ ಹಂಚಿಕೆ. ಇವತ್ತು ರಾತ್ರಿ ನಿಮ್ಮದು, ನಾಳೆ ಅವರದ್ದು. ನೀವು ಕ್ಯಾನ್ಸಲ್ ಮಾಡಿದ ಕೇಸಿಗೆ ಗುಂಪಿನ ಇನ್ನೊಬ್ಬರು ಹೋಗಿ ಅನಸ್ತೇಷಿಯಾ ಕೊಡಲ್ಲ. ಬೋರ್ಡು ಇಲ್ಲದವರಿಗೆ ಇದೇ ಬಲ. ಫ್ರೀಲಾನ್ಸ್ ಮಾಡೋದಾದರೆ ಇಂಥ ಗುಂಪಿರೋ ಊರು ಹುಡುಕಿ.

ಕಾರ್ಪೊರೇಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಳ್ಳೆ ಮೆಷಿನ್, ಒಳ್ಳೆ ಮಾನಿಟರ್, ಪಕ್ಕದ ಓಟಿಯಲ್ಲಿ ಕೂಗಿದರೆ ಬರೋ ಜನ, ತಾರೀಕಿಗೆ ಸಂಬಳ. ಶುರುವಿನಲ್ಲಿ ಚೆನ್ನಾಗಿ ಓಡಾಡೋ ಫ್ರೀಲಾನ್ಸರ್‌ಗಿಂತ ಕೈಗೆ ಕಡಿಮೆ ಬರಬಹುದು. ಬೆಂಗಳೂರಿನಲ್ಲಿ ಕೆಲಸವೂ ಜಾಸ್ತಿ, ಜನವೂ ಜಾಸ್ತಿ, ಬಾಡಿಗೆಯೂ ಜಾಸ್ತಿ. ಸೇರುವ ಮುಂಚೆ ಕಾಂಟ್ರಾಕ್ಟಿನಲ್ಲಿ ನೋಟಿಸ್ ಅವಧಿ ಎಷ್ಟು, ಹೊರಗೆ ಕೇಸು ಮಾಡಬಹುದಾ, ತಿಂಗಳಿಗೆ ಎಷ್ಟು ರಾತ್ರಿ, ಈ ಮೂರನ್ನು ಓದಿ. ಹೆಚ್ಚಿನವರು ಸಂಬಳದ ಸಾಲು ಮಾತ್ರ ಓದಿ ಸಹಿ ಹಾಕುತ್ತಾರೆ.

ಸರ್ಕಾರಿ ಕೆಲಸದಲ್ಲಿ ಎರಡು ದಾರಿ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯದು ಒಂದು. ಅಲ್ಲಿ ಕೆಲಸಕ್ಕೆ ಕೊರತೆಯಿಲ್ಲ, ಆದರೆ ಇಡೀ ಆಸ್ಪತ್ರೆಗೆ ನೀವು ಒಬ್ಬರೇ ಆದರೆ ರಜೆ ಅನ್ನೋದು ಕನಸು. ತಂಗಿ ಮದುವೆಯ ಧಾರೆ ಹೊತ್ತಿಗೂ ಫೋನ್ ಬರುತ್ತೆ. ಇಬ್ಬರು ಇರೋ ಕಡೆ ಸಿಕ್ಕರೆ ಬಿಡಬೇಡಿ. ತಜ್ಞರು ಸಿಗದ ಕಡೆಗಳಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ 'ನೀವು ಹೇಳಿ, ನಾವು ಕೊಡುತ್ತೇವೆ' ಅನ್ನೋ ಪದ್ಧತಿಯೂ ಇದೆ. ಸಂಬಳ ಎಷ್ಟು ಬೇಕು ಅಂತ ಡಾಕ್ಟರೇ ಬರೆದುಕೊಡೋದು. ಬೇರೆ ಯಾವ ಸರ್ಕಾರಿ ಕೆಲಸದಲ್ಲಿ ಇದನ್ನು ಕೇಳಿದ್ದೀರಿ?

ಇನ್ನೊಂದು ಮೆಡಿಕಲ್ ಕಾಲೇಜು. ಗದಗ, ಕೊಪ್ಪಳ, ನಿಮ್ಮ ಹಾವೇರಿ, ಎಲ್ಲ ಕಡೆ ಈಗ ಸರ್ಕಾರಿ ಕಾಲೇಜುಗಳಿವೆ. ಪ್ರತಿ ಕಾಲೇಜಿಗೂ ಅನಸ್ತೇಷಿಯಾ ವಿಭಾಗ ಇರಲೇಬೇಕು. ಎಂಡಿ ಆದಮೇಲೆ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ ಮಾಡಿದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಹತೆ ಬರುತ್ತೆ. ಪಾಠ ಮಾಡೋ ಆಸೆ ಈಗ ಇಲ್ಲದಿದ್ದರೂ ಆ ಒಂದು ವರ್ಷ ಮುಗಿಸಿಬಿಡಿ. ನಲವತ್ತನೇ ವಯಸ್ಸಿಗೆ ರಾತ್ರಿ ಡ್ರೈವಿಂಗ್ ಬೇಸರ ಬಂದಾಗ ಆ ಸರ್ಟಿಫಿಕೇಟ್ ಇದ್ದರೆ ಬಾಗಿಲು ತೆರೆದಿರುತ್ತೆ. ನನಗೆ ಆದದ್ದು ಹಾಗೇ.

ಬೋರ್ಡು ಬೇಕೇ ಬೇಕು ಅನ್ನೋರಿಗೂ ದಾರಿಯಿದೆ, ಸ್ವಲ್ಪ ಸುತ್ತು. ನೋವಿನ ಕ್ಲಿನಿಕ್ ಒಂದು. ಮುಖದ ನರದ ನೋವು, ವರ್ಷಗಟ್ಟಲೆಯ ಬೆನ್ನುನೋವು, ಕ್ಯಾನ್ಸರ್ ನೋವು. ನರ ಹುಡುಕಿ ಸೂಜಿ ಹಾಕೋದು ನಮ್ಮ ಕೈಕೆಲಸ ತಾನೇ. ಇದಕ್ಕೆ ಫೆಲೋಶಿಪ್‌ಗಳಿವೆ. ಆದರೆ ನಮ್ಮ ಜನ ಬೆನ್ನುನೋವಿಗೆ ಮೊದಲು ಎಣ್ಣೆ, ಆಮೇಲೆ ಎಲುಬಿನ ಡಾಕ್ಟ್ರು ಅಂತಾರೆ. ನೋವಿಗೇ ಒಬ್ಬ ಡಾಕ್ಟರಿದ್ದಾರೆ ಅಂತ ಗೊತ್ತಾಗೋಕೆ ಮೂರ್ನಾಲ್ಕು ವರ್ಷ ಹಿಡಿಯುತ್ತೆ. ಅಲ್ಲಿವರೆಗೆ ಬೆಳಿಗ್ಗೆ ಓಟಿ, ಸಂಜೆ ಕ್ಲಿನಿಕ್ ಅಂತ ನಡೆಸಬೇಕು. ವಾಸಿಯಾಗದ ಕಾಯಿಲೆಯವರ ನರಳಾಟ ಕಡಿಮೆ ಮಾಡೋ ಪ್ಯಾಲಿಯೇಟಿವ್ ಕೇರ್ ಕೂಡ ಇದೇ ದಾರಿ. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದಮೇಲೆ ಆಸ್ಪತ್ರೆಗಳಿಗೆ ನೋವಿನ ಔಷಧ ಮಾರ್ಫಿನ್ ಲೈಸೆನ್ಸ್ ತಾಪತ್ರಯ ಕಡಿಮೆಯಾಯಿತು.

ಐಸಿಯು ಇನ್ನೊಂದು. 2020, 21ರ ಕೋವಿಡ್ ಹೊತ್ತಿನಲ್ಲಿ ವೆಂಟಿಲೇಟರ್ ತಂದಿಟ್ಟ ಎಷ್ಟೋ ಆಸ್ಪತ್ರೆಗಳಿಗೆ ಅದನ್ನು ನಡೆಸೋರು ಬೇಕು ಅಂತ ಆಗ ನೆನಪಾಯಿತು. ಎಂಡಿ ಆದಮೇಲೆ ಒಂದು ವರ್ಷದ ಕ್ರಿಟಿಕಲ್ ಕೇರ್ ಡಿಪ್ಲೊಮಾ ಇದೆ. ಇನ್ನೂ ಓದೋ ಹುಮ್ಮಸ್ಸಿದ್ದರೆ ನೀಟ್ ಎಸ್‌ಎಸ್‌ನಂಥ ಪ್ರವೇಶ ಪರೀಕ್ಷೆ ಬರೆದು ಎಂಡಿ ಮೇಲಿನ ಮೂರು ವರ್ಷದ ಡಿಎಂ ಮಾಡಬಹುದು. ಕ್ರಿಟಿಕಲ್ ಕೇರ್, ಹೃದಯದ ಅನಸ್ತೇಷಿಯಾ, ಮಿದುಳಿನ ಅನಸ್ತೇಷಿಯಾ, ಮಕ್ಕಳದ್ದು, ಹೀಗೆ. ಮಿದುಳಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಕಾಲಬುಡದಲ್ಲೇ ಇದೆ. ಹೃದಯದ್ದಕ್ಕೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಳೇ ಹೆಸರು. ಒಂದು ಎಚ್ಚರ: ಐಸಿಯು ನಮ್ಮ ಸ್ವತ್ತಲ್ಲ. ಮೆಡಿಸಿನ್‌ನವರು, ಪಲ್ಮನಾಲಜಿಯವರು ಅದೇ ಡಿಎಂಗೆ ಬರುತ್ತಾರೆ. ಪೈಪೋಟಿ ಇದೆ. ರಾತ್ರಿಗಳೂ ಇವೆ.

ಹೊರದೇಶದ ಪ್ರಶ್ನೆಗೆ ಚಿಕ್ಕ ಉತ್ತರ. ಗಲ್ಫ್‌ಗೆ ನಮ್ಮ ಎಂಡಿ ಮತ್ತು ಕೆಲವು ವರ್ಷದ ಅನುಭವ ಇಟ್ಟುಕೊಂಡು ಹೋಗಬಹುದು. ಸರ್ಟಿಫಿಕೇಟ್ ಪರಿಶೀಲನೆ, ಲೈಸೆನ್ಸ್ ಪರೀಕ್ಷೆ ಇರುತ್ತೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಹೋಗಿದ್ದಾರೆ. ಬ್ರಿಟನ್ ಬೇಕಿದ್ದರೆ ಯುರೋಪಿನ ಅನಸ್ತೇಷಿಯಾ ಡಿಪ್ಲೊಮಾ, ಇಡಿಎಐಸಿ ಅಂತಾರೆ, ಅದನ್ನು ಪಾಸು ಮಾಡಿದರೆ ಅಲ್ಲಿನ ಮೆಡಿಕಲ್ ಕೌನ್ಸಿಲ್ ನೋಂದಣಿಗೆ ಪರಿಗಣಿಸುತ್ತೆ, ಹೊರದೇಶದ ಡಾಕ್ಟರಿಗೆ ಇಡೋ ಪ್ಲ್ಯಾಬ್ ಪರೀಕ್ಷೆ ಬರೆಯಬೇಕಾಗಿಲ್ಲ. ಹೋದ ದಿನವೇ ಕನ್ಸಲ್ಟೆಂಟ್ ಆಗಲ್ಲ, ಅದು ನೆನಪಿರಲಿ. ಅಮೆರಿಕವೇ ಗುರಿ ಅಂತಿದ್ದರೆ ಇಲ್ಲಿ ಎಂಡಿ ಮಾಡೋದು ಸುತ್ತುದಾರಿ. ಅಲ್ಲಿ ಹೆಚ್ಚಿನವರು ನಾಲ್ಕು ವರ್ಷದ ರೆಸಿಡೆನ್ಸಿಯನ್ನು ಮೊದಲಿಂದ ಮಾಡಬೇಕಾಗುತ್ತೆ.

ಮೆಷಿನ್ ಬಗ್ಗೆ ಹೇಳಬೇಕಂದರೆ, ಈ ಭಯ ಹೊಸದಲ್ಲ. 2008ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದವರು ಮ್ಯಾಕ್‌ಸ್ಲೀಪಿ ಅನ್ನೋ ಯಂತ್ರದಿಂದ ಪೂರ್ತಿ ಅನಸ್ತೇಷಿಯಾ ಕೊಟ್ಟು ತೋರಿಸಿದರು. ಅಮೆರಿಕದಲ್ಲಿ ಜಾನ್ಸನ್ ಆಂಡ್ ಜಾನ್ಸನ್ ಕಂಪನಿ ಸೆಡಾಸಿಸ್ ಅಂತ ಒಂದು ಯಂತ್ರ ಮಾಡಿತು. ಕೊಲೊನೋಸ್ಕೋಪಿಗೆ ರೋಗಿಯನ್ನು ಮಲಗಿಸೋಕೆ. 2013ರಲ್ಲಿ ಒಪ್ಪಿಗೆ ಸಿಕ್ಕಿತು, 2016ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಯಂತ್ರಕ್ಕೆ ಡೋಸ್ ಲೆಕ್ಕ ಹಾಕೋಕೆ ಬರುತ್ತೆ, ನಮಗಿಂತ ಚೆನ್ನಾಗಿಯೇ ಬರಬಹುದು. ಗಡ್ಡದ ಕೆಳಗೆ ಗಲ್ಲ ಹಿಂದೆ ಸರಿದಿರೋ, ಕುತ್ತಿಗೆ ಗಿಡ್ಡ ಇರೋ, ಬಾಯಲ್ಲಿ ಎಲೆಅಡಿಕೆ ಹಾಕಿ ಹಾಕಿ ಎರಡು ಬೆರಳೂ ಹೋಗದಷ್ಟು ದವಡೆ ಬಿಗಿದಿರೋ ಮನುಷ್ಯನ ಶ್ವಾಸನಾಳಕ್ಕೆ ರಾತ್ರಿ ಮೂರು ಗಂಟೆಗೆ ಟ್ಯೂಬ್ ಹಾಕೋದನ್ನು ಅದು ಕಲಿಯಲಿ, ಆಮೇಲೆ ನೋಡೋಣ. ನಿಮ್ಮ ವೃತ್ತಿಜೀವನದಲ್ಲಿ ಯಂತ್ರ ಬರುತ್ತೆ, ನಿಮ್ಮ ಪಕ್ಕದಲ್ಲಿ ಇರುತ್ತೆ.

ಸಂಸಾರದ ಪ್ರಶ್ನೆ. ಇದನ್ನು ನನಗಿಂತ ನನ್ನ ಮಹಿಳಾ ಸಹೋದ್ಯೋಗಿಗಳು ಚೆನ್ನಾಗಿ ಹೇಳುತ್ತಾರೆ. ನಾನು ಕಂಡದ್ದು ಇಷ್ಟು. ನಮ್ಮ ವಿಭಾಗದಲ್ಲಿ ಹೆಣ್ಣುಮಕ್ಕಳು ಅರ್ಧಕ್ಕಿಂತ ಜಾಸ್ತಿ. ಜಗತ್ತಿನ ಮೊದಲ ಮಹಿಳಾ ಅನಸ್ತೇಟಿಸ್ಟ್ ಅಂತ ಕರೆಯೋದೇ ಹೈದರಾಬಾದಿನ ರೂಪಾಬಾಯಿ ಫರ್ದೂನ್‌ಜಿ ಅವರನ್ನು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅವರು ಕ್ಲೋರೋಫಾರ್ಮ್ ಕೊಡುತ್ತಿದ್ದರು. ರೋಸ್ಟರ್ ಇರೋ ಕಡೆ ಒಂದು ದೊಡ್ಡ ಅನುಕೂಲ ಇದೆ: ಡ್ಯೂಟಿ ಮುಗಿದರೆ ಮುಗಿಯಿತು. ಸರ್ಜನ್‌ಗೆ ಹೊಲಿಗೆ ಬಿಚ್ಚೋ ತನಕ, ಗೈನಕಾಲಜಿಸ್ಟ್‌ಗೆ ಒಂಬತ್ತು ತಿಂಗಳು, ಫೋನ್ ಬಿಡಲ್ಲ. ನಮಗೆ ರೋಗಿ ವಾರ್ಡಿಗೆ ಹೋಗಿ ನೆಟ್ಟಗಾದರೆ ಬ್ಯಾಗು ಎತ್ತಬಹುದು. ಹೆಸರು ಗೊತ್ತಿಲ್ಲದ್ದರ ಲಾಭವೂ ಇದೇ, ಮನೆಗೆ ಫೋನ್ ಮಾಡೋರು ಯಾರೂ ಇಲ್ಲ. ಒಬ್ಬರೇ ಫ್ರೀಲಾನ್ಸ್ ಮಾಡೋದು, ತಾಲ್ಲೂಕಿನಲ್ಲಿ ಒಬ್ಬರೇ ಇರೋದು, ಇವೆರಡೂ ಮಾತ್ರ ಚಿಕ್ಕ ಮಗು ಇರೋ ಮನೆಗೆ ಕಷ್ಟ. ಬಸುರಿಯಾದಾಗ ಬೇಗ ಹೇಳಿ. ಅನಸ್ತೇಷಿಯಾ ಗ್ಯಾಸ್ ಹೊರಗೆ ಎಳೆಯೋ ವ್ಯವಸ್ಥೆ ಇರೋ ಓಟಿಗೆ ಹಾಕಿಸಿಕೊಳ್ಳಿ, ಸಿ-ಆರ್ಮ್ ಎಕ್ಸ್‌ರೇ ಇರೋ ಕೇಸು ಬಿಡಿ.

ಎರಡು ವಿಷಯ ನಿಮಗೆ ಯಾರೂ ಹೇಳಲ್ಲ. ಒಂದು, ನೋವು ಕೊಲ್ಲೋ ಫೆಂಟನಿಲ್, ಮತ್ತು ಬರಿಸೋ ಪ್ರೊಪೋಫಾಲ್ ದಿನಾ ಕೈಲಿರೋ ಕೆಲಸ ಇದು. ನಿದ್ದೆಗೆಟ್ಟವರು, ಒಂಟಿಯಾದವರು ಅದರ ಚಟಕ್ಕೆ ಬಿದ್ದದ್ದುಂಟು. ಆಂಪ್ಯೂಲ್ ಲೆಕ್ಕ ಕಟ್ಟುನಿಟ್ಟಾಗಿ ಇಡೋ ಆಸ್ಪತ್ರೆಯ ಮೇಲೆ ಸಿಟ್ಟಾಗಬೇಡಿ. ಎರಡು, ಒಂದು ದಿನ ಟೇಬಲ್ ಮೇಲೆ ಒಬ್ಬರು ಹೋಗುತ್ತಾರೆ. ನಿಮ್ಮ ತಪ್ಪಿಲ್ಲದೇ ಇರಬಹುದು. ಆವತ್ತು ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಹೋಗಬೇಡಿ, ಯಾರಾದರೂ ಸೀನಿಯರ್ ಜೊತೆ ಕೂತು ಪೂರ್ತಿ ಹೇಳಿಕೊಳ್ಳಿ.

ಕಾನೂನಿನ ಕಡೆಯಿಂದಲೂ ತಯಾರಿರಬೇಕು. 1995ರ ವಿ.ಪಿ. ಶಾಂತಾ ತೀರ್ಪಿನಿಂದ ಡಾಕ್ಟರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬಂತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ಕ್ರಿಮಿನಲ್ ಕೇಸು ಹಾಕಬೇಕಾದರೆ ಘೋರ ನಿರ್ಲಕ್ಷ್ಯ ಇರಬೇಕು ಅಂತ ಹೇಳಿ ಸ್ವಲ್ಪ ಉಸಿರಾಡೋಕೆ ಬಿಟ್ಟಿತು. ಇನ್ಶೂರೆನ್ಸ್ ನಿಮ್ಮ ಹೆಸರಿನಲ್ಲೇ ಮಾಡಿಸಿ, ಆಸ್ಪತ್ರೆಯದು ಇದೆ ಅಂತ ಸುಮ್ಮನಿರಬೇಡಿ. ಅನಸ್ತೇಷಿಯಾಕ್ಕೆ ಬೇರೆ ಒಪ್ಪಿಗೆ ಪತ್ರ. ಐದೈದು ನಿಮಿಷಕ್ಕೆ ಬಿಪಿ, ನಾಡಿ ಬರೆದ ಚಾರ್ಟು. ಬರೆಯದ್ದು ಆಗೇ ಇಲ್ಲ ಅಂತ ಕೋರ್ಟು ತಿಳಿಯುತ್ತೆ.

ಈಗ ನೀವು ಮಾಡಬೇಕಾದ್ದು. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಅಲ್ಲಿನ ಎರಡನೇ ವರ್ಷದ ಪಿಜಿಗೆ ಫೋನ್ ಮಾಡಿ. ಬೆನ್ನಿಗೆ ಹಾಕೋ ಎಪಿಡ್ಯೂರಲ್ ಎಷ್ಟು ಹಾಕಿದ್ದೀರಿ, ಅಲ್ಟ್ರಾಸೌಂಡ್ ನೋಡಿಕೊಂಡು ನರಕ್ಕೆ ಬ್ಲಾಕ್ ಕೊಡೋದು ಕಲಿಸುತ್ತಾರಾ, ಅಪಘಾತದ ಕೇಸು ಬರುತ್ತಾ, ಹಾರ್ಟ್, ನ್ಯೂರೋ ಪೋಸ್ಟಿಂಗ್ ಎಲ್ಲಿ, ರಾತ್ರಿ ಎರಡು ಗಂಟೆಗೆ ಕರೆದರೆ ಕನ್ಸಲ್ಟೆಂಟ್ ಬರುತ್ತಾರಾ ಅಂತ ಕೇಳಿ. ಕೊನೇ ಪ್ರಶ್ನೆಗೆ ಅವರು ನಕ್ಕರೆ ಆ ಕಾಲೇಜನ್ನು ಪಟ್ಟಿಯಲ್ಲಿ ಕೆಳಗೆ ಹಾಕಿ.

ಪಿಜಿ ಸೀಟಿನ ಚಾಯ್ಸ್ ಲಾಕ್ ಮಾಡೋ ಮುನ್ನ ನೀವು ಇಂಟರ್ನ್‌ಶಿಪ್ ಮಾಡಿದ ಆಸ್ಪತ್ರೆಗೆ ಹೋಗಿ. ಪರಿಚಯದವರನ್ನು ಕೇಳಿ ಒಂದು ರಾತ್ರಿ ಎಮರ್ಜೆನ್ಸಿ ಓಟಿಯಲ್ಲಿ ನಿಲ್ಲಿ. ಸರ್ಜನ್ ಪಕ್ಕ ಬೇಡ, ತಲೆ ಕಡೆ. ಪಲ್ಸ್ ಆಕ್ಸಿಮೀಟರ್ ಟಿಣ್ ಟಿಣ್ ಅನ್ನುತ್ತಾ ಇರುತ್ತೆ. ಆಕ್ಸಿಜನ್ ಕಡಿಮೆಯಾದ ಹಾಗೆ ಅದರ ಸ್ವರ ಇಳಿಯುತ್ತೆ. ಹಾಡಿನಲ್ಲಿ ಶ್ರುತಿ ಇಳಿದ ಹಾಗೆ. ಓಟಿಯಲ್ಲಿ ಹತ್ತು ಜನ ಇದ್ದರೂ ಆ ಸ್ವರ ಬದಲಾದಾಗ ಮೊದಲು ತಿರುಗೋ ಕುತ್ತಿಗೆ ಅನಸ್ತೇಟಿಸ್ಟ್‌ದು. ಎರಡನೇ ಗಂಟೆಗೆ ನಿಮ್ಮ ಕುತ್ತಿಗೆಯೂ ತಾನಾಗೇ ತಿರುಗೋಕೆ ಶುರುವಾದರೆ ಅನಸ್ತೇಷಿಯಾವನ್ನು ಮೊದಲ ಆಯ್ಕೆಯಾಗಿ ಹಾಕಿ. ಕಣ್ಣು ಗೋಡೆ ಗಡಿಯಾರದ ಕಡೆಗೇ ಹೋಗುತ್ತಿದ್ದರೆ, ಅದೇ ರ‍್ಯಾಂಕಿಗೆ ಪೀಡಿಯಾಟ್ರಿಕ್ಸ್ ಎಲ್ಲಿ ಸಿಗುತ್ತೆ ನೋಡಿ.